ಗಟ್ಟಿ ಮನಸ್ಸಿನ ಉಪದೇಶ

ನಮ್ಮ ಸಭೆ ಸಮಾರಂಭಗಳಲ್ಲಿ ಈಚೆಗೆ ಒಂದು ಮಾತಿಗೆ ತಪ್ಪದೆ ಚಪ್ಪಾಳೆ ಬೀಳುತ್ತದೆ. ಖಿನ್ನತೆ, ಆತಂಕ ಮೊದಲಾದುವೆಲ್ಲ ಪಟ್ಟಣದವರ ಬೇನೆಗಳು, ಉಂಡು ಕುಳಿತವರ ಬೇನೆಗಳು. ಹೊತ್ತು ಹುಟ್ಟುವ ಮುನ್ನ ಹೊಲಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಮನೆಗೆ ಮರಳುವ ನಮ್ಮ ಹಳ್ಳಿಗರನ್ನು ಅವು ತಾಕಲಾರವು. ಗೇಯ್ಮೆಯೇ ಅವರ ಮದ್ದು, ಗಟ್ಟಿ ಮನಸ್ಸೇ ಅವರ ವೈದ್ಯ ಎಂಬುದೇ ಆ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕಾಲೇಜು ವಾರ್ಷಿಕೋತ್ಸವಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ನಾನು ಇದನ್ನು ಎಷ್ಟು ಬಾರಿ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹೇಳುವವರು ಸಜ್ಜನರು, ಹಳ್ಳಿಯ ಮೇಲಿನ ಅಭಿಮಾನದಿಂದಲೇ ಹೇಳುತ್ತಾರೆ. ಆದರೆ ಸಜ್ಜನರು ಹೇಳಿದರೆಂದು ಸುಳ್ಳು ನಿಜವಾಗುವುದಿಲ್ಲ. ಈ ಸುಳ್ಳು ನಿರಪಾಯದ್ದೂ ಅಲ್ಲ. ಇದನ್ನು ನಂಬಿದವರು ಆಸ್ಪತ್ರೆಗೆ ಹೋಗಬೇಕಾದ ಹೊತ್ತಿಗೆ ಹೋಗದೆ ಉಳಿಯುತ್ತಾರೆ. ಅವರಲ್ಲಿ ಕೆಲವರು ಬದುಕಿ ಉಳಿಯುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದಿತೆಂದು ಅದು ಕಂಡುಕೊಂಡಿತು. ಮಹಾನಗರಗಳಲ್ಲಿ ಈ ಪ್ರಮಾಣ ಹಳ್ಳಿಗಳಿಗಿಂತ ಹೆಚ್ಚೆಂದೂ ಅದೇ ಸಮೀಕ್ಷೆ ಹೇಳಿದೆ. ವೇದಿಕೆಯ ಮಿತ್ರರು ಈ ಒಂದು ಸಾಲನ್ನು ತಮ್ಮ ಪರವಾಗಿ ಎತ್ತಿಕೊಳ್ಳಬಹುದು; ಎತ್ತಿಕೊಳ್ಳಲಿ. ಕಡಿಮೆ ಎಂದರೆ ಇಲ್ಲವೆಂದು ಅರ್ಥವಲ್ಲವಷ್ಟೆ. ಮುಂದಿನ ಸಾಲನ್ನೂ ಅವರು ಓದಬೇಕು: ಕಾಯಿಲೆ ಇದ್ದವರಲ್ಲಿ ಚಿಕಿತ್ಸೆ ಕಾಣದೆ ಉಳಿದವರು, ಬೇನೆ ಬೇನೆಗೆ ಬೇರೆಯಾಗಿ, ನೂರಕ್ಕೆ 70ರಿಂದ 92ರವರೆಗೆ. ಹತ್ತು ಜನ ಜ್ವರದವರಲ್ಲಿ ಏಳೆಂಟು ಮಂದಿ ಮದ್ದಿಲ್ಲದೆ ಮಲಗಿದ್ದಾರೆಂದು ತಿಳಿದರೆ ಊರು ಸುಮ್ಮನಿರುತ್ತಿತ್ತೆ?

ನಮ್ಮ ಕಡೆಯ ಜನ ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, ನಿಜ. ‘ಎದೆ ಮೇಲೆ ಕಲ್ಲು ಏರಿದಂಗೈತೆ’, ‘ಕೈಕಾಲು ಸೋಲ್ತವೆ’, ‘ಬೆಳಗಿನ ಜಾವ ಎಚ್ಚರ ಆದ್ರೆ ಮತ್ತೆ ಕಣ್ಣು ಮುಚ್ಚಾಕಿಲ್ಲ’, ‘ಯಾವುದೂ ಬ್ಯಾಡ ಅನ್ನಿಸ್ತೈತೆ’ ಎನ್ನುತ್ತಾರೆ. ಮನಸ್ಸಿನ ಬೇನೆ ಮೈಯ ಭಾಷೆಯಲ್ಲಿ ಮಾತಾಡುತ್ತದೆ. ಕೇಳುವವನು ಮೈಯನ್ನಷ್ಟೇ ನೋಡುತ್ತಾನೆ. ಊರ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಬಾಟಲಿ ಏರುತ್ತದೆ, ಒಂದು ಶಕ್ತಿಯ ಇಂಜೆಕ್ಷನ್ ಬೀಳುತ್ತದೆ, ಗ್ಯಾಸ್ಟ್ರಿಕ್ ಮಾತ್ರೆ ಕೈಗೆ ಬರುತ್ತದೆ. ಎದೆ ಡವಡವ ಎಂದು, ಬೆವರಿ, ಈಗಲೇ ಪ್ರಾಣ ಹೋಯಿತೆಂದು ಕಂಗಾಲಾದವನನ್ನು ತುಮಕೂರಿಗೆ ಒಯ್ದು ಇ.ಸಿ.ಜಿ. ತೆಗೆಸುತ್ತಾರೆ, ‘ಏನೂ ಇಲ್ಲ, ಹೋಗು’ ಎನ್ನುತ್ತಾರೆ. ಏನೂ ಇಲ್ಲದವನು ಹದಿನೈದು ದಿನಕ್ಕೆ ಮತ್ತೆ ಅದೇ ಬಾಗಿಲಿಗೆ ಬರುತ್ತಾನೆ. ದಿನಕ್ಕೆ ನಲವತ್ತು ಸಲ ಕೈ ತೊಳೆದು ತೊಗಲು ಸುಲಿಸಿಕೊಂಡ ಹೆಣ್ಣುಮಗಳನ್ನು ‘ಅವಳಿಗೆ ಮಡಿ ಜಾಸ್ತಿ’ ಎಂದು ಮನೆಯವರು ಹೊಗಳುವುದೂ ಉಂಟು. ಅದು ಗೀಳೆಂಬ ಕಾಯಿಲೆ, ಅದಕ್ಕೆ ಮದ್ದಿದೆ ಎಂದು ಹೇಳುವವರಿಲ್ಲ. ಬಾಣಂತಿ ಮಗುವಿನ ಮುಖ ನೋಡದೆ ಗೋಡೆ ನೋಡುತ್ತ ಕುಳಿತರೆ ಅವಳು ‘ಸೊಕ್ಕಿನವಳು’. ಬೇನೆ ಇಲ್ಲಿಲ್ಲ ಎಂದು ಚಪ್ಪಾಳೆ ಗಿಟ್ಟಿಸುವವರು ಇವರಾರನ್ನೂ ಕಂಡಿಲ್ಲವೆ? ಕಂಡಿದ್ದಾರೆ, ಹೆಸರಿಟ್ಟು ಕರೆದಿಲ್ಲ, ಅಷ್ಟೆ.

ಇನ್ನು ಗೇಯ್ಮೆಯೇ ಮದ್ದು ಎಂಬ ಮಾತು. ದುಡಿಮೆ ಮನಸ್ಸಿಗೆ ಒಳ್ಳೆಯದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ವೈದ್ಯರೂ ಅಲ್ಲಗಳೆಯುವುದಿಲ್ಲ. ಆದರೆ ಈ ಸೀಮೆಯಲ್ಲಿ ಗೇಯ್ಮೆ ಎಲ್ಲಿದೆ? ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿದವನು ಬೀಜದ ಸಾಲವನ್ನೂ ತೀರಿಸಲಾರದ ವರ್ಷಗಳನ್ನು ಈ ನಾಲ್ಕು ತಾಲ್ಲೂಕುಗಳು ಒಂದರ ಮೇಲೊಂದು ಕಂಡಿವೆ. ಕೊಳವೆಬಾವಿ ಕೊರೆಸಿ ನೀರಿನ ಬದಲು ಧೂಳು ಕಂಡವನ ಎದೆಯೊಳಗೆ ಏನು ನಡೆಯುತ್ತದೆಂಬುದಕ್ಕೆ ಸಾಕ್ಷಿ ಬೇಕಿಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರಪಾರ್ಕು ಎದ್ದಿದೆ. 2018ರಿಂದ ಅಲ್ಲಿ ವಿದ್ಯುತ್ತು ಹುಟ್ಟುತ್ತಿದೆ. ಜಮೀನು ಕೊಟ್ಟವನಿಗೆ ವರ್ಷವರ್ಷ ಗುತ್ತಿಗೆಯ ಹಣ ಬರುತ್ತದೆ, ಸಂತೋಷವೇ. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ತುಂಡು ನೆಲವಿಲ್ಲದವನಿಗೆ ಏನು ಬರುತ್ತದೆ? ಅವನಿಗೆ ‘ಗೇಯ್ಮೆಯೇ ಮದ್ದು’ ಎಂದು ಉಪದೇಶಿಸುವುದು ಅನ್ನವಿಲ್ಲದವನಿಗೆ ಪಥ್ಯ ಹೇಳಿದ ಹಾಗೆ. ಮಂಕು ಕವಿದವನ ಮೊದಲ ಲಕ್ಷಣವೇ ಗೇಯಲಾರದಿರುವುದು ಎಂಬುದನ್ನೂ ನೆನೆಯಬೇಕು. ಕಾಲು ಮುರಿದವನಿಗೆ ‘ಓಡು, ಕಾಲು ಸರಿಹೋಗುತ್ತದೆ’ ಎಂದು ನಾವು ಹೇಳುವುದಿಲ್ಲವಲ್ಲ!

‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಹಿತವಚನದ ಕಥೆ ಇನ್ನೂ ಹಳೆಯದು. ಇದನ್ನು ಹೇಳುವವರು ಭಗವದ್ಗೀತೆಯ ಹೆಸರೆತ್ತುವುದುಂಟು. ನಾನು ಕನ್ನಡ ಪಾಠ ಹೇಳುವವನು, ಗೀತೆಯ ವಿದ್ವಾಂಸನಲ್ಲ. ಆದರೂ ಓದಿದಷ್ಟರಲ್ಲಿ ಒಂದು ಸಂಗತಿ ನನಗೆ ಕಂಡಿದೆ. ಮೊದಲ ಅಧ್ಯಾಯಕ್ಕೆ ಇಟ್ಟ ಹೆಸರೇ ವಿಷಾದಯೋಗ. ಅರ್ಜುನನ ಕೈಕಾಲು ಸೋಲುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಉರಿಯುತ್ತದೆ, ಕೈಯಿಂದ ಗಾಂಡೀವ ಜಾರುತ್ತದೆ. ನಮ್ಮ ಹೊರರೋಗಿ ವಿಭಾಗದಲ್ಲಿ ಹೇಳಿಕೊಳ್ಳುವ ಲಕ್ಷಣಗಳೇ ಇವು. ಇದಕ್ಕೆ ಶ್ರೀಕೃಷ್ಣನು ಎರಡನೆಯ ಅಧ್ಯಾಯದ ಆರಂಭದಲ್ಲಿ ಕೊಟ್ಟ ಮೊದಲ ಉತ್ತರವೂ ನಮ್ಮ ವೇದಿಕೆಯವರದೇ: ಎದೆಯ ದೌರ್ಬಲ್ಯವನ್ನು ಬಿಡು, ಎದ್ದು ನಿಲ್ಲು. ಫಲವೇನಾಯಿತು? ಅರ್ಜುನ ಏಳಲಿಲ್ಲ. ಯುದ್ಧ ಮಾಡಲಾರೆನೆಂದು ಹೇಳಿ ಸುಮ್ಮನಾದ. ಸಾಕ್ಷಾತ್ ಭಗವಂತನ ಬಾಯಿಂದ ಬಂದರೂ ‘ಗಟ್ಟಿ ಮಾಡಿಕೋ’ ಎಂಬ ಮಾತು ಕೆಲಸ ಮಾಡಲಿಲ್ಲ. ಅನಂತರ ಹದಿನೆಂಟನೆಯ ಅಧ್ಯಾಯದವರೆಗೆ ಪಕ್ಕದಲ್ಲಿದ್ದು, ಕೇಳಿದ ಪ್ರಶ್ನೆಗೆಲ್ಲ ಬೇಸರಿಸದೆ ಉತ್ತರ ಹೇಳಬೇಕಾಯಿತು. ಮೊದಲನೆಯ ಮಾತನ್ನಷ್ಟೇ ಹಿಡಿದುಕೊಂಡು, ಪಕ್ಕದಲ್ಲಿ ಕೂರುವ ಆ ಕೆಲಸವನ್ನು ಬಿಟ್ಟುಬಿಟ್ಟ ನಾವು ಯಾವ ಗೀತೆಯನ್ನು ಓದಿದವರು?

ಗಟ್ಟಿತನದ ಉಪದೇಶ ಸಾಲದಾದಾಗ ನಮ್ಮಲ್ಲಿ ಮುಂದಿನ ಮದ್ದು ಮದುವೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ನಗೆಯಾಡಲು ಬಳಸುತ್ತೇವೆ. ಮನೆಯಲ್ಲಿ ನಿಜವಾಗಿ ಬೇನೆ ಬಿದ್ದಾಗ ಅದರ ಎರಡನೆಯ ಅರ್ಧವನ್ನು ಶಾಸ್ತ್ರವೆಂದು ನಂಬುತ್ತೇವೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಒಂದು ಜೀವದ ಕಷ್ಟ ಎರಡಾಗುತ್ತದೆ. ನುಂಗುತ್ತಿದ್ದ ಮಾತ್ರೆಯನ್ನು ಗಂಡನ ಮನೆಯವರಿಗೆ ಕಾಣದಂತೆ ಬಚ್ಚಿಡಬೇಕು, ಬಚ್ಚಿಡಲಾರದೆ ಬಿಡಬೇಕು, ಬಿಟ್ಟೊಡನೆ ಬೇನೆ ಮರುಕಳಿಸುತ್ತದೆ, ಆಗ ‘ಮೋಸ ಮಾಡಿದಿರಿ’ ಎಂದು ಹೆಣ್ಣು ತವರಿಗೆ ಬರುತ್ತಾಳೆ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬಿ.ಎ. ಎರಡನೆಯ ವರ್ಷ, ಪ್ರಬಂಧ ಬರೆದರೆ ಇನ್ನೊಮ್ಮೆ ಓದಬೇಕೆನಿಸುವಂಥ ಕೈ. ಮೊದಲು ಹಿಂದಿನ ಬೆಂಚಿಗೆ ಸರಿದಳು, ಆಮೇಲೆ ಮಾತು ಬಿಟ್ಟಳು, ಕೊನೆಗೆ ಕಾಲೇಜು ಬಿಟ್ಟಳು. ಅವಳ ತಂದೆಯನ್ನು ಸಂತೆಯಲ್ಲಿ ಕಂಡು ವಿಚಾರಿಸಿದಾಗ ಗಾಳಿ ಸೋಕಿದೆಯೆಂದೂ ತಾಯತ ಕಟ್ಟಿಸಿದ್ದಾಗಿದೆಯೆಂದೂ ಸಂಬಂಧ ನೋಡುತ್ತಿದ್ದೇವೆಂದೂ ಹೇಳಿದರು. ‘ಗೌಡ್ರೇ, ಮಂಗಳವಾರ ದೊಡ್ಡಾಸ್ಪತ್ರೆಗೆ ಕರೆತನ್ನಿ, ನಾನೂ ಬರುತ್ತೇನೆ’ ಎಂದೆ. ಬಂದರು. ಆಸ್ಪತ್ರೆ ಈ ನಾಲ್ಕರಲ್ಲಿ ಯಾವುದೆಂದು ಹೇಳುವುದು ಬೇಡ. ಆ ದಿನ ಮನೋವೈದ್ಯರು ಬಂದಿರಲಿಲ್ಲ. ಮರುವಾರ ವೈದ್ಯರಿದ್ದರು, ಅವರು ಬರೆದ ಮಾತ್ರೆ ಇರಲಿಲ್ಲ. ಮೂರನೆಯ ಸಲ ಎರಡೂ ಸಿಕ್ಕಿದುವು. ಮೂರು ದಿನದ ಕೂಲಿ, ಮೂರು ಸಲ ಬಸ್ಸಿನ ಖರ್ಚು. ಮರಳುವಾಗ ಆತ ಹೇಳಿದ ಮಾತು ಇದು: ‘ಮೇಷ್ಟ್ರೇ, ದೇವರ ಹರಕೆಗೆ ಒಂದು ಕಿತ ಹೋದ್ರೆ ಸಾಕು, ಈ ಮಾತ್ರೆಗೆ ಮೂರು ಕಿತ ಬರಬೇಕಲ್ಲ?’ ಹುಡುಗಿ ಎರಡು ತಿಂಗಳೊಳಗೆ ಚೇತರಿಸಿಕೊಂಡಳು, ಪರೀಕ್ಷೆಗೆ ಕುಳಿತಳು. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇನ್ನೂ ಹೇಳಿಲ್ಲ.

ಪಟ್ಟಣದ ವಿಚಾರವಂತರಿಗೆ ಇಲ್ಲಿ ನನ್ನ ತಕರಾರಿದೆ. ಹಳ್ಳಿಯವರ ಮೂಢನಂಬಿಕೆಯೇ ಎಲ್ಲಕ್ಕೂ ಕಾರಣವೆಂದು ಅವರು ಸುಲಭವಾಗಿ ಬರೆದುಬಿಡುತ್ತಾರೆ. ಮಧುಗಿರಿಯ ದಂಡಿನ ಮಾರಮ್ಮನ ಗುಡಿಗೋ ಪಾವಗಡದ ಶನಿಮಹಾತ್ಮನ ಸನ್ನಿಧಿಗೋ ಕೊರಟಗೆರೆಯ ಗೊರವನಹಳ್ಳಿಯ ಲಕ್ಷ್ಮಿಯ ಬಳಿಗೋ ಹೋಗುವವನು ಬುದ್ಧಿಗೆಟ್ಟು ಹೋಗುವುದಿಲ್ಲ. ಅಲ್ಲಿಗೆ ಹೋಗುವುದಕ್ಕೆ ಚೀಟಿ ಬೇಡ; ಬಾಗಿಲು ಮಂಗಳವಾರಕ್ಕಾಗಿ ಕಾಯುವುದಿಲ್ಲ; ತನ್ನ ನುಡಿಯಲ್ಲೇ ದುಃಖ ತೋಡಿಕೊಳ್ಳಬಹುದು; ಅತ್ತರೆ ಯಾರೂ ಹುಚ್ಚನೆನ್ನುವುದಿಲ್ಲ. ನಿಮ್ಹಾನ್ಸಿನ ವೈದ್ಯರೇ ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಬಂದು ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಪರಿಶೀಲಿಸಿ, ಅವರ ಲಕ್ಷಣಗಳು ಸುಮಾರು ಐದರಲ್ಲೊಂದು ಪಾಲು ತಗ್ಗಿದ್ದುವೆಂದು 2002ರಲ್ಲಿ ಪ್ರಕಟಿಸಿದರು. ಹೊಡೆತವಿಲ್ಲ, ಸರಪಳಿಯಿಲ್ಲ, ನೆಮ್ಮದಿಯ ಜಾಗ, ಆದರದ ಮಾತು, ಸಣ್ಣಪುಟ್ಟ ಕೆಲಸ ಇಷ್ಟೇ ಅಲ್ಲಿದ್ದದ್ದು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಗುಡಿಸಲಿಗೆ ಬೆಂಕಿ ಬಿದ್ದಾಗ ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ದೇವರ ಹೆಸರಿನಲ್ಲಿ ಆದರ ಸಿಕ್ಕಿದರೆ ಅದು ಮದ್ದಿಗೆ ಜೊತೆ. ಸರಪಳಿ ಸಿಕ್ಕಿದರೆ ಅದು ಕೊಲೆ. ಹರಕೆ ಕಟ್ಟಿಕೊಳ್ಳಲಿ, ಮಾತ್ರೆಯನ್ನೂ ನುಂಗಲಿ. ಎರಡಕ್ಕೂ ಜಗಳವಿಲ್ಲ. ಜಗಳ ಹಚ್ಚುವವರು ನಾವು.

ಮದ್ದಿನ ವಿಷಯದಲ್ಲಿ ಹಬ್ಬಿರುವ ಭಯವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ‘ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡದು’ ಎಂದು ಓದಿದವರೂ ಹೇಳುತ್ತಾರೆ. ಇಲ್ಲಿ ಎರಡು ಬಗೆಯ ಮಾತ್ರೆಗಳನ್ನು ಒಂದೇ ಎಂದು ತಿಳಿದಿರುವುದೇ ತೊಡಕು. ಆಲ್‌ಪ್ರಜೋಲಾಮ್, ಡಯಜೆಪಾಮ್ ಮೊದಲಾದ ನಿದ್ದೆಯ, ನಿರಾಳದ ಮಾತ್ರೆಗಳು ಅರ್ಧ ಗಂಟೆಯಲ್ಲಿ ಹಾಯೆನಿಸುತ್ತವೆ. ವಾರಗಟ್ಟಲೆ ನುಂಗಿದರೆ ಚಟ ಹಿಡಿಸುತ್ತವೆ. ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ಇವನ್ನು ತಂದು ನುಂಗುವವರನ್ನು ನಾನು ಕಂಡಿದ್ದೇನೆ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಎಸಿಟಲೋಪ್ರಾಮ್ ಮೊದಲಾದುವು ಬೇರೆ ಜಾತಿಯವು. ಇವು ಚಟ ಹಿಡಿಸುವುವಲ್ಲ. ಇವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು; ಆದರೆ ಓಕರಿಕೆ, ತಲೆಭಾರದಂಥ ಸಣ್ಣ ತೊಂದರೆಗಳು ಮೊದಲ ವಾರವೇ ಕಾಣುತ್ತವೆ. ಕಷ್ಟ ಮೊದಲು, ಸುಖ ಆಮೇಲೆ! ಇದನ್ನು ಯಾರೂ ಬಿಡಿಸಿ ಹೇಳದಿದ್ದುದರಿಂದ ಜನ ಐದನೆಯ ದಿನ ಮಾತ್ರೆ ಎಸೆದು ‘ನಮಗೆ ಒಗ್ಗಲಿಲ್ಲ’ ಎನ್ನುತ್ತಾರೆ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ವೈದ್ಯರೇ ಮೆಲ್ಲನೆ ಇಳಿಸಿ ನಿಲ್ಲಿಸುವುದು ಕ್ರಮ. ರಕ್ತಹೀನತೆ, ಥೈರಾಯಿಡ್ ದೋಷಗಳೂ ಇದೇ ವೇಷದಲ್ಲಿ ಬರುವುದರಿಂದ ಅವನ್ನು ಮೊದಲು ನೋಡಿಸಬೇಕು. ಸಿನಿಮಾದವರು ತೋರಿಸಿ ಹೆದರಿಸಿದ ಕರೆಂಟಿನ ಚಿಕಿತ್ಸೆ ಈ ಸಾಮಾನ್ಯ ಬೇನೆಗಳಿಗೆ ಬೇಕಾಗುವುದು ಅಪರೂಪ. ಅರಿವಳಿಕೆಯಿಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಎಲ್ಲರಿಗೂ ಮಾತ್ರೆಯೇ ಬೇಕೆಂದೂ ಇಲ್ಲ. ಬೇನೆ ಹಗುರವಿದ್ದಾಗ ಕ್ರಮವಾದ ಮಾತುಕತೆಯೇ ಚಿಕಿತ್ಸೆ. ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಒಬ್ಬೊಬ್ಬ ರೋಗಿಯೊಡನೆ ಆರರಿಂದ ಎಂಟು ಸಲ ಕುಳಿತು ಮಾತಾಡಿಸಿದರು. ತೀವ್ರ ಖಿನ್ನತೆಯವರಿಗೂ ಅದರಿಂದ ಗುಣ ಕಂಡಿತೆಂದು 2017ರಲ್ಲಿ ಪ್ರಕಟವಾಗಿದೆ. ಆಫ್ರಿಕದ ಜಿಂಬಾಬ್ವೆಯ ಹರಾರೆಯಲ್ಲಿ ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಅಜ್ಜಿಯರು ಕುಳಿತು ಇದೇ ಕೆಲಸ ಮಾಡಿ ಗೆದ್ದಿದ್ದಾರೆ. ನಮ್ಮಲ್ಲಿ ಜಗಲಿಗಳಿಗೆ ಬರವೆ, ಅಜ್ಜಿಯರಿಗೆ ಬರವೆ? ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರಿದ್ದಾರೆ. ನಿಮ್ಹಾನ್ಸಿನವರು 2005ರಿಂದೀಚೆಗೆ ತೀರ್ಥಹಳ್ಳಿಯಲ್ಲಿಯೂ ಅನಂತರ ನಮ್ಮದೇ ಜಿಲ್ಲೆಯ ತುರುವೇಕೆರೆಯಲ್ಲಿಯೂ, ಚಿಕಿತ್ಸೆ ಕಾಣದ ಸ್ಕಿಜೋಫ್ರೀನಿಯದಂಥ ಕಠಿನ ರೋಗದವರನ್ನೇ ಹುಡುಕಿ, ಅವರ ಊರಿನಲ್ಲೇ ಮದ್ದು ಕೊಟ್ಟು ನಡೆಸಿಕೊಂಡು ಬಂದರು. ತುರುವೇಕೆರೆಗೆ ಆದದ್ದು ತುಮಕೂರಿನ ಈಚೆ ಕಡೆಗೆ ಆಗಬಾರದೆಂದು ಯಾವ ಶಾಸನವಿದೆ?

ನೆನೆದರೆ ನಗು ಬರುತ್ತದೆ. 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎನಿಸಿಕೊಂಡು, 1954ರಲ್ಲಿ ಅಖಿಲ ಭಾರತ ಸಂಸ್ಥೆಯನ್ನು ಜೊತೆಗೆ ಪಡೆದು, 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದ, ದೇಶಕ್ಕೇ ಮೇಲುಪಂಕ್ತಿಯಾದ ಸಂಸ್ಥೆ ಮಧುಗಿರಿಗೆ ಸುಮಾರು ನೂರು ಕಿಲೋಮೀಟರು ದೂರದಲ್ಲಿದೆ. ಅಲ್ಲಿನ ವೈದ್ಯರು ಮಧುಗಿರಿಗೇ ಬಂದು ಶಿಬಿರ ನಡೆಸಿದ್ದೂ ಉಂಟು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ರೂಪುಗೊಂಡು ಇಡೀ ದೇಶಕ್ಕೆ ಹೋಯಿತು. ಮಂಗಳವಾರ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಯೋಜನೆಗಳಿಗೆ ಕೊರತೆಯಿಲ್ಲ, ದೀಪದ ಬುಡದಲ್ಲಿ ಮಾತ್ರ ಕತ್ತಲು. ಪಾವಗಡದ ಕತ್ತಲು ಇನ್ನೂ ಗಾಢ. ಬಹುಪಾಲು ಆಂಧ್ರದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ಮನೆಯ ಮಾತು ಎಷ್ಟೋ ಜನಕ್ಕೆ ತೆಲುಗು, ಕಾಗದದ ಮಾತು ಕನ್ನಡ, ವೈದ್ಯರ ಚೀಟಿಯ ಮಾತು ಇಂಗ್ಲಿಷು. ಮೂರು ಭಾಷೆಗಳ ನಡುವೆ ಮನಸ್ಸಿನ ನೋವು ಎಲ್ಲಿ ಬೀಳುತ್ತದೆಂದು ಊಹಿಸಬಹುದು.

ಭಾಷೆಯ ಮಾತು ಬಂದದ್ದರಿಂದ ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ಹಸ್ತಪತ್ರಿಕೆಗಳಲ್ಲಿ ನಾವು ‘ಖಿನ್ನತೆ’, ‘ಆತಂಕ’, ‘ಚಿತ್ತವಿಕಲತೆ’ ಎಂದು ಅಚ್ಚು ಹಾಕುತ್ತೇವೆ. ಹಳ್ಳಿಯ ಹಿರಿಯನಿಗೆ ಆತಂಕವೆಂದರೆ ಅಡ್ಡಿ. ‘ಅಡ್ಡಿ ಆತಂಕವಿಲ್ಲದೆ’ ಎನ್ನುತ್ತೇವಲ್ಲ, ಅದು. ಆತಂಕದ ಕಾಯಿಲೆ ಎಂದರೆ ಅವನು ಏನೆಂದು ತಿಳಿದಾನು? ಮಂಕು, ದುಗುಡ, ಕೊರಗು, ಕಳವಳ, ತಳಮಳ, ದಿಗಿಲು, ಬೇಗುದಿ ಎಂದು ಮನಸ್ಸಿನ ಒಂದೊಂದು ನೋವಿಗೂ ಒಂದೊಂದು ಮಾತಿಟ್ಟುಕೊಂಡ ನುಡಿ ನಮ್ಮದು. ಈ ಸಿರಿಯನ್ನು ಪೆಟ್ಟಿಗೆಯಲ್ಲಿಟ್ಟು ಎಲ್ಲಕ್ಕೂ ‘ಹುಚ್ಚು’ ಎಂಬ ಒಂದೇ ಮಾತನ್ನು, ಈಗಿನ ಹುಡುಗರ ಬಾಯಲ್ಲಿ ‘ಮೆಂಟಲ್’ ಎಂಬ ಬೈಗುಳವನ್ನು, ಉಳಿಸಿಕೊಂಡಿದ್ದೇವೆ. ಹುಚ್ಚನೆನಿಸಿಕೊಳ್ಳಲು ಯಾರು ಆಸ್ಪತ್ರೆಗೆ ಹೋಗುತ್ತಾರೆ? ದಾರಿ ತೋರಿದವರು ನಮ್ಮಲ್ಲಿ ಇಲ್ಲದಿಲ್ಲ. ತ್ರಿವೇಣಿಯವರು ‘ಶರಪಂಜರ’ದಲ್ಲಿ, ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮತ್ತೆ ಕೆಡಿಸುವುದು ಸುತ್ತಲಿನವರ ನೋಟವೇ ಎಂಬುದನ್ನು ತೋರಿಸಿದರು. ‘ಕೊರವಂಜಿ’ಯ ವೈದ್ಯರಾದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾವು ಅವರ ಮೇಲೆ ಪ್ರಶ್ನೆಪತ್ರಿಕೆ ಬರೆದೆವು. ಅವರು ಕಲಿಸಿದ್ದನ್ನು ಬೀದಿಗೆ ತರಲಿಲ್ಲ.

2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 1,70,924 ಮಂದಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಎಲ್ಲವೂ ಕಾಯಿಲೆಯಿಂದಲೇ ಆದುವೆಂದು ನಾನು ಹೇಳುತ್ತಿಲ್ಲ. ಸಾಲಕ್ಕೆ ಮಾತ್ರೆ ಮದ್ದಲ್ಲ. ಆದರೆ ಸಾಲದ ಜೊತೆಗೆ ಮಂಕು ಕವಿದವನ ಮಂಕನ್ನಾದರೂ ಹರಿಸಿದರೆ, ಸಾಲಕ್ಕೆ ದಾರಿ ಹುಡುಕಲು ಅವನು ಉಳಿದಿರುತ್ತಾನೆ. ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದವನನ್ನು ತೀವ್ರ ಒತ್ತಡಕ್ಕೆ ಸಿಕ್ಕವನೆಂದೇ ಭಾವಿಸಬೇಕು, ಅವನಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಆ ಕಾಯಿದೆಯ 115ನೆಯ ಕಲಮು ಹೇಳುತ್ತದೆ. 2022ರ ಅಕ್ಟೋಬರ್ 10ರಿಂದ 14416 ಎಂಬ ‘ಟೆಲಿ ಮಾನಸ್’ ಸಂಖ್ಯೆಗೆ ಹಗಲಿರುಳು ಯಾರು ಬೇಕಾದರೂ ಕಾಸಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಐದು ಅಂಕಿಗಳನ್ನು ಎಷ್ಟು ಕಾಲೇಜುಗಳ ಗೋಡೆಯ ಮೇಲೆ ಬರೆಸಿದ್ದೇವೆ?

ಕೇಳುವುದು ಹೆಚ್ಚೇನಲ್ಲ. ಮಂಗಳವಾರವೆಂದು ಹೇಳಿದ ಮೇಲೆ ಮಂಗಳವಾರ ವೈದ್ಯರು ಇರಬೇಕು. ಬಾರದಿದ್ದರೆ ಹಿಂದಿನ ದಿನವೇ ಹಳ್ಳಿಗೆ ತಿಳಿಯಬೇಕು. ಅವರು ಬರೆದ ನಾಲ್ಕಾರು ಅಗ್ಗದ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆಯ ಪಕ್ಕದಲ್ಲೇ, ತಿಂಗಳು ತಪ್ಪದೆ ಸಿಗಬೇಕು. ಪಾವಗಡದಲ್ಲಿ ತೆಲುಗು ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಆಶಾ ಕಾರ್ಯಕರ್ತೆಗೆ ತರಬೇತಿಯೂ ಅದಕ್ಕೆ ತಕ್ಕ ಸಂಭಾವನೆಯೂ ಆಗಬೇಕು. ಮಧುಗಿರಿಯ ಹಳೆಯ ಹೆಸರು ಮದ್ದಗಿರಿ. ಹೆಸರಿನ ನಿಷ್ಪತ್ತಿ ಏನೇ ಇರಲಿ, ಆ ಬೆಟ್ಟದ ನೆರಳಿನಲ್ಲಿ ಮದ್ದಿಗೆ ಬರ ಬರಬಾರದು. ವೇದಿಕೆಯ ಹಿರಿಯರಲ್ಲಿ ನನ್ನ ಬಿನ್ನಹ ಒಂದೇ: ಮುಂದಿನ ಸಲ ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎನ್ನಬೇಕೆನಿಸಿದರೆ ಜನಕ್ಕೆ ಹೇಳಬೇಡಿ, ಔಷಧಿಯ ಪಟ್ಟಿಗೆ ಸಹಿ ಹಾಕುವ ಅಧಿಕಾರಿಗಳಿಗೆ ಹೇಳಿ. ಆ ಮಾತು ಬೇಕಾಗಿರುವುದು ಅಲ್ಲಿ.